ಪಕ್ಕದ ಮನೆಯ ಬಿಳಿಯ ಗೊಜ್ಜು

ಒಂದು ಮನೆಯಲ್ಲಿ ಅಡಿಗೆ ಚೆನ್ನಾಗಿ ಆದ ದಿನ ಪಕ್ಕದ ಮನೆಯವರ ಹೊಟ್ಟೆ ಉರಿಯುವುದು ನಮ್ಮ ಕೃಷ್ಣಮೂರ್ತಿಪುರದಲ್ಲಿ ಹೊಸದಲ್ಲ. ಹುಳಿಗೆ ಉರಿದವರುಂಟು, ಹೋಳಿಗೆಗೆ ಉರಿದವರುಂಟು. ಎರಡು ಹೋಳು ಬ್ರೆಡ್ಡಿನ ನಡುವೆ ಬಳಿದ ಬಿಳಿಯ ಗೊಜ್ಜಿಗೆ ಉರಿದವನು, ನನಗೆ ತಿಳಿದಂತೆ, ನಾನೊಬ್ಬನೇ. ಆಗ ನಾನು ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳುತ್ತಿದ್ದೆ. ಕಾರಣವಿಲ್ಲದೆ ಉರಿಯುವ ಅಭ್ಯಾಸ ನನಗಿರಲಿಲ್ಲ. ಕಾರಣ ಇತ್ತು.

ನಶ್ಯವಿಲ್ಲದ ಪತ್ರಿಕೆ

ನಮ್ಮ ಬಡಾವಣೆಯ ಮೇಷ್ಟರುಗಳೂ ವಕೀಲರೂ ಸೇರಿ ಒಂದು ಟೆನ್ನಿಸ್ ಕ್ಲಬ್ಬು ಮಾಡಿಕೊಂಡಿದ್ದೆವು. ಆಡುವವರು ಕಡಿಮೆ, ಕೂತು ತಪ್ಪು ಹಿಡಿಯುವವರು ಜಾಸ್ತಿ. ಅಧ್ಯಕ್ಷರು ನಿವೃತ್ತ ಜಡ್ಜ್ ಸಾಹೇಬರು. ಕಾರ್ಯದರ್ಶಿಯ ಜಾಗ ಖಾಲಿ ಬಿದ್ದಿತ್ತು.

ಆ ಕೆಲಸಕ್ಕೆ ಸಂಬಳವಿಲ್ಲ, ಅಧಿಕಾರವೂ ಇಲ್ಲ. ಆದರೆ ಮದರಾಸಿನಿಂದ ಬರುವ ಇಂಗ್ಲಿಷ್ ಪತ್ರಿಕೆಯನ್ನು ಮೊದಲು ಬಿಡಿಸುವ ಹಕ್ಕು ಕಾರ್ಯದರ್ಶಿಯದು. ನನ್ನ ಕೈಗೆ ಬರುವ ಹೊತ್ತಿಗೆ ಅದರ ಸಂಪಾದಕೀಯದ ಮೇಲೆ ಯಾರದೋ ನಶ್ಯ ಬಿದ್ದಿರುತ್ತಿತ್ತು. ಸಾಮ್ರಾಜ್ಯದ ಭವಿಷ್ಯವನ್ನು ಸೀನುತ್ತಾ ಓದಿ ನನಗೆ ಸಾಕಾಗಿತ್ತು.

ಒಂದು ದಿನ ಜಡ್ಜ್ ಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದರು.

"ಕಾರ್ಯದರ್ಶಿ ಕೆಲಸಕ್ಕೆ ಇಬ್ಬರು ಇದ್ದೀರಿ. ನೀವು, ಮತ್ತೆ ನಿಮ್ಮ ಪಕ್ಕದ ಮನೆ ಕೆಮಿಸ್ಟ್ರಿ ಮೇಷ್ಟ್ರು. ಶನಿವಾರದ ಟೀ ಸರದಿ ಮೇಲೆ ಒಬ್ಬೊಬ್ಬರ ಮನೇಲಿ ಆಗುತ್ತಲ್ಲ, ನಿಮ್ಮಿಬ್ಬರ ಸರದಿಯೂ ಮುಗೀಲಿ. ಆಮೇಲೆ ಹೇಳ್ತೀನಿ."

"ಟೀಗೂ ಕಾರ್ಯದರ್ಶಿ ಕೆಲಸಕ್ಕೂ ಏನು ಸಂಬಂಧ ಸಾರ್?"

"ನಾಲ್ಕು ಜನರನ್ನ ಕೂರಿಸಿ ಒಂದು ತಿಂಡಿ ಕೊಡೋಕೆ ಬರದವನು ಕ್ಲಬ್ಬು ಹೇಗ್ರೀ ನಡೆಸ್ತಾನೆ? ನಾನು ಯಾವಾಗಲೂ ಹೀಗೇ ತೀರ್ಮಾನ ಮಾಡೋದು."

ಇವರ ಕೋರ್ಟಿನಿಂದ ಜೈಲಿಗೆ ಹೋದವರ ಬಗ್ಗೆ ಅಂದು ನನಗೆ ಮೊದಲ ಬಾರಿಗೆ ಕನಿಕರ ಹುಟ್ಟಿತು.

ತಾನೇ ಕೂಡಿಕೊಳ್ಳುತ್ತೆ

ಮೊದಲ ಸರದಿ ಕೆಮಿಸ್ಟ್ರಿ ಮೇಷ್ಟರದು. ಅವರು ಇಂಗ್ಲೆಂಡಿನಲ್ಲಿ ಓದಿ ಬಂದವರು. ಬರುವಾಗ ಒಂದು ಪದವಿ, ಒಂದು ಗ್ರಾಮಫೋನು, ಬಿಸಿಲಿನಲ್ಲೂ ಬಿಡದ ಒಂದು ಕೋಟು ತಂದಿದ್ದರು. ಪದವಿ ಕಾಲೇಜಿನಲ್ಲಿ ಕೇಳಿಸುತ್ತಿತ್ತು, ಗ್ರಾಮಫೋನು ನಮ್ಮ ಮನೆಗೆ ಕೇಳಿಸುತ್ತಿತ್ತು.

ಅಂದು ತಟ್ಟೆಯಲ್ಲಿ ಬಂದದ್ದು ಸ್ಯಾಂಡ್‌ವಿಚ್ಚು. ಅಂಚು ಕತ್ತರಿಸಿದ ಬ್ರೆಡ್ಡು, ಒಳಗೆ ತೆಳ್ಳಗೆ ಹೆಚ್ಚಿದ ಸೌತೆಕಾಯಿ, ಟೊಮ್ಯಾಟೊ, ಅದರ ಮೇಲೆ ಬೆಣ್ಣೆಯೂ ಅಲ್ಲದ ಮೊಸರೂ ಅಲ್ಲದ ಒಂದು ಬಿಳಿಯ ಗೊಜ್ಜು. ಜಡ್ಜ್ ಸಾಹೇಬರು ಕಚ್ಚಿದರು, ಬಿಡಿಸಿ ನೋಡಿದರು, ಮತ್ತೆ ಕಚ್ಚಿದರು.

"ಏನ್ರೀ ಇದು?"

"ಮಯೊನೇಸ್ ಸಾರ್. ಆ ದೇಶದಲ್ಲಿ ಎಲೆ, ತರಕಾರಿ ಎಲ್ಲಕ್ಕೂ ಇದನ್ನೇ ಕಲಸ್ತಾರೆ."

"ಮೊಟ್ಟೆ ಗಿಟ್ಟೆ ಇಲ್ಲ ತಾನೆ?"

"ಶಿವ ಶಿವಾ! ಅವರು ಹಾಕ್ತಾರೆ. ನಾನು ಅದರ ಬದಲಿಗೆ ಹಾಲಿನ ಕೆನೆ ಹಾಕ್ತೀನಿ. ಕೆನೆ, ಎಣ್ಣೆ, ಸಾಸಿವೆ ಪುಡಿ, ನಿಂಬೆರಸ. ಚೆನ್ನಾಗಿ ಕಡೀಬೇಕು. ಮೊದಲು ಒಡೆದ ಹಾಗೆ ಕಾಣುತ್ತೆ, ಹೆದರಬಾರದು. ಮುಚ್ಚಿಟ್ಟು ಸ್ನಾನಕ್ಕೆ ಹೋಗಿಬಿಡಬೇಕು. ಬರೋ ಹೊತ್ತಿಗೆ ತಾನೇ ಕೂಡಿಕೊಳ್ಳುತ್ತೆ."

"ಕಾರಣ?" ಎಂದೆ ನಾನು.

"ರಸಾಯನಶಾಸ್ತ್ರ" ಎಂದರು ಅವರು.

ಎಲ್ಲರೂ ತಲೆದೂಗಿದರು. ನಾನು ತರಗತಿಯಲ್ಲಿ ಯಾವ ಪ್ರಶ್ನೆಗಾದರೂ "ತರ್ಕಶಾಸ್ತ್ರ" ಎಂದು ಉತ್ತರ ಕೊಟ್ಟಿದ್ದರೆ ಹುಡುಗರು ಬೆಂಚು ಬಡಿಯುತ್ತಿದ್ದರು.

ಅಂದಿನಿಂದ ಜಡ್ಜ್ ಸಾಹೇಬರ ಅಪ್ಪಣೆಯಂತೆ, ಸರದಿ ಯಾರದೇ ಇರಲಿ, ಶನಿವಾರ ಮೇಷ್ಟರ ಮನೆಯಿಂದ ಒಂದು ಡಬ್ಬಿ ಸ್ಯಾಂಡ್‌ವಿಚ್ಚು ಬರತೊಡಗಿತು. ಒಂದು ಶನಿವಾರ ವಕೀಲರೊಬ್ಬರ ಮನೆಯಲ್ಲಿ ಕಷ್ಟಪಟ್ಟು ಚಿರೋಟಿ ಮಾಡಿಸಿದ್ದರು. ಅದನ್ನು ಮುಟ್ಟಿದವನು ನಾನೊಬ್ಬನೇ. ನನಗೆ ಚಿರೋಟಿ ಸೇರುವುದಿಲ್ಲ.

ಗೋಡೆಯ ಆಚೆ

ಕೆನೆಯನ್ನು ಕಡೆದರೆ ಬೆಣ್ಣೆ ಬರುತ್ತದೆ. ಇದು ನಮ್ಮ ಅಜ್ಜಿಗೂ ಗೊತ್ತಿತ್ತು. ಹಾಗಾದರೆ ಆ ಗೊಜ್ಜು ಕೂಡಿಕೊಳ್ಳುವುದು ಮೊಟ್ಟೆಯಿಂದಲೇ ಇರಬೇಕು ಎಂದು ತೀರ್ಮಾನಿಸಿದೆ. ಮೊಟ್ಟೆ ಇದ್ದ ಮೇಲೆ ಚಿಪ್ಪು ಇರಬೇಕು. ಚಿಪ್ಪು ಇದ್ದ ಮೇಲೆ ಅದನ್ನು ಎಲ್ಲಾದರೂ ಎಸೆದಿರಬೇಕು.

ಶನಿವಾರ ಬೆಳಿಗ್ಗೆ ಟವೆಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೊರಟೆ. ಹಿತ್ತಿಲ ಗೂಟಕ್ಕೆ ನೇತುಹಾಕಿದ್ದ ಒಂದು ಬಟ್ಟೆಯ ಗಂಟಿನಿಂದ ತಲೆಯ ಮೇಲೆ ತಣ್ಣನೆಯ ಹನಿ ಬಿತ್ತು. "ಇದೇನೇ ಇದು, ದಾರಿಯಲ್ಲಿ?" ಎಂದು ಹೆಂಡತಿಯನ್ನು ಗದರಿದೆ. "ಮೊಸರು ಕಣ್ರೀ, ಬಗ್ಗಿ ಹೋಗಿ" ಎಂದಳು. ಬಗ್ಗಿ ಹೋದೆ. ನನ್ನ ಕಣ್ಣು ಗೋಡೆಯ ಮೇಲಿತ್ತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿ ಆಚೆ ನೋಡಿದೆ. ಅವರ ಗುಲಾಬಿ ಗಿಡಗಳ ಬುಡದಲ್ಲಿ ಮೊಟ್ಟೆಯ ಚಿಪ್ಪು, ಬೊಗಸೆ ಬೊಗಸೆ!

ಸಂಜೆ ಜಡ್ಜ್ ಸಾಹೇಬರ ಕಿವಿಯಲ್ಲಿ ಹೇಳಿದೆ. ಅವರ ಮುಖ ಕೆಂಪಾಯಿತು. ಎಲ್ಲರ ಮುಂದೆಯೇ ವಿಚಾರಣೆ ನಡೆಸಿಬಿಟ್ಟರು.

ಮೇಷ್ಟರು ನಕ್ಕರು. "ಅದಾ ಸಾರ್? ಗುಲಾಬಿಗೆ ಸುಣ್ಣದ ಅಂಶ ಬೇಕು. ಚರ್ಚಿನ ಹತ್ತಿರ ಬೇಕರಿಯವರು ಇದ್ದಾರಲ್ಲ, ಬ್ರೆಡ್ಡು ತರುವಾಗ ಅವರಲ್ಲಿ ಚಿಪ್ಪು ಕೇಳಿ ತರ್ತೀನಿ. ಅನುಮಾನ ಇದ್ದರೆ ಕೇಳಿಸಿ."

ಕೇಳಿಸಿದರು. ನಿಜವಾಗಿತ್ತು. ಮುಂದಿನ ವಾರದಿಂದ ಜಡ್ಜ್ ಸಾಹೇಬರ ಗುಲಾಬಿಗೂ ಚಿಪ್ಪು ಹೋಯಿತು. ಕೆಲವೇ ದಿನಗಳಲ್ಲಿ ಅವರ ಕೋಟಿನ ಗುಂಡಿಯಲ್ಲಿ ಅಂಗೈ ಅಗಲದ ಹೂ.

ನನಗೆ ಮಾತ್ರ ಒಂದು ಪ್ರಶ್ನೆ ಕೇಳಿದರು: "ನೀವು ದಿನಾ ಗೋಡೆ ಹತ್ತುತ್ತೀರೇನ್ರೀ?"

ನನ್ನ ಪ್ರಯೋಗ

ಸರದಿ ನನ್ನ ಮನೆಗೆ ಬರುವುದಿತ್ತು. ಉಪ್ಪಿಟ್ಟು ಕೊಟ್ಟರೆ ಸೋತಂತೆ. ಮೇಷ್ಟರು ಹೇಳಿದ ಕ್ರಮವನ್ನೇ ಹಿಡಿದೆ. ಮಡಿ ಕೆಡಬಾರದೆಂದು ಹೆಂಡತಿ ಅಡಿಗೆಮನೆಯಿಂದ ನನ್ನನ್ನು ಹೊರಗಿಟ್ಟಿದ್ದಳು. ಹಿತ್ತಿಲಲ್ಲಿ ಕೂತು ಕೆನೆ, ಎಣ್ಣೆ, ಸಾಸಿವೆ ಪುಡಿ, ನಿಂಬೆರಸ ಎಲ್ಲ ಒಂದು ಬಟ್ಟಲಿಗೆ ಹಾಕಿ ಕಡೆದೆ. ರಟ್ಟೆ ಬಿದ್ದುಹೋಯಿತು. ಒಡೆದ ಹಾಗೆ ಕಂಡಿತು. ಹೆದರಲಿಲ್ಲ. ಮುಚ್ಚಿಟ್ಟು ಸ್ನಾನಕ್ಕೆ ಹೋದೆ. ಕೂಡಿಕೊಳ್ಳಲಿ ಎಂದು ಬೆನ್ನನ್ನು ಚೆನ್ನಾಗಿಯೇ ಉಜ್ಜಿಕೊಂಡೆ.

ಬಂದು ತೆರೆದರೆ ಮೇಲೆ ಎಣ್ಣೆ, ನಡುವೆ ಬೆಣ್ಣೆಯ ಹರಳು, ತಳದಲ್ಲಿ ನೀರು.

"ಇನ್ನೊಂದು ಸಲ ಸ್ನಾನ ಮಾಡಿ ನೋಡ್ತೀರಾ?" ಎಂದಳು ಹೆಂಡತಿ.

ಗೋಡೆಯಾಚೆ ಮೇಷ್ಟರು ಸಿಕ್ಕಾಗ ಮರ್ಯಾದೆ ಬಿಟ್ಟು ಕೇಳಿದೆ. ಅವರು ಗಂಭೀರವಾಗಿ ಯೋಚಿಸಿದರು.

"ತಣ್ಣೀರೋ, ಬಿಸಿನೀರೋ?"

"ಯಾವುದಕ್ಕೆ?"

"ಸ್ನಾನಕ್ಕೆ ಕಣ್ರೀ. ನಾನು ಬಿಸಿನೀರಲ್ಲಿ ಮಾಡೋದು. ತಡವಾಗುತ್ತೆ ನೋಡಿ."

ಇಂಥವರು ವಿಲಾಯಿತಿಯಿಂದ ಪದವಿ ತಂದರು. ನಾನು ಮರುದಿನ ಬಿಸಿನೀರು ಕಾಯಿಸಿದೆ.

ನನ್ನ ಸರದಿ

ಕೊನೆಗೆ ಆ ಶನಿವಾರ ಬಂತು. ಬೆಳಿಗ್ಗೆ ಒಡೆದ ಗೊಜ್ಜಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದೆ. ಬಿಸಿನೀರು ಕೈಕೊಟ್ಟಿತ್ತು. ಹೆಂಡತಿ ಬಂದು ಬಟ್ಟಲೊಳಗೆ ಇಣುಕಿದಳು. ಒಳಗೆ ಹೋಗಿ ಎರಡು ಬಟ್ಟಲು ತಂದಿಟ್ಟಳು. ಎರಡರಲ್ಲೂ ಅದೇ ಬಿಳಿಯ ಗೊಜ್ಜು, ನುಣ್ಣಗೆ, ಹೊಳೆಯುತ್ತಾ.

"ಇದು ಆಚೆ ಮನೆಗೆ. ಇದು ನಮಗೆ" ಎಂದಳು.

ಬೆರಳಲ್ಲಿ ತೆಗೆದು ನೆಕ್ಕಿದೆ. ಅದೇ.

"ಇದೆಲ್ಲಿಂದ ಬಂತೇ?"

"ನಿಮ್ಮ ತಲೆ ಮೇಲೆ ತೊಟ್ಟಿಕ್ಕಲಿಲ್ಲವೇ, ಅದೇ. ಗಟ್ಟಿ ಮೊಸರನ್ನ ಬಟ್ಟೆಗೆ ಕಟ್ಟಿ ನೀರು ಇಳಿಸಿ, ಸಾಸಿವೆ ನುಣ್ಣಗೆ ರುಬ್ಬಿ ಕಲಸೋದು. ಚೂರು ಸಕ್ಕರೆ, ಉಪ್ಪು. ನಮ್ಮ ತೌರಲ್ಲಿ ಸೌತೆಕಾಯಿಗೆ ಮಾಡ್ತಾರೆ. ನೀವು ಮದುವೆಯಾದ ಹೊಸದರಲ್ಲಿ 'ಇದೇನು ಸುಣ್ಣದ ತಿಳಿ' ಅಂದ್ರಿ. ಆಮೇಲೆ ನಿಮಗೆ ಬಡಿಸಲಿಲ್ಲ."

"ಮೇಷ್ಟರಿಗೆ ಗೊತ್ತೇ?"

"ಪಾಪ, ಇಲ್ಲ. ಅವರದು ಪ್ರತಿ ಸಲವೂ ಒಡೆಯುತ್ತಂತೆ. ಅವರು ಮುಚ್ಚಿಟ್ಟು ಸ್ನಾನಕ್ಕೆ ಹೋದಾಗ ಅವರಾಕೆ ಅದನ್ನ ಹಸುವಿನ ಕಲಗಚ್ಚಿಗೆ ಸುರಿದು ನನ್ನದನ್ನ ತುಂಬಿಡ್ತಾರೆ."

"ನನಗೆ ಒಂದು ಮಾತು ಹೇಳಬಾರದಿತ್ತೇ?"

"ನೀವು ಮೊಟ್ಟೆ ಹುಡುಕ್ತಿದ್ರಿ."

"ಇದಕ್ಕೆ ಅವರು ಏನು ಕೊಡ್ತಾರೆ?"

"ಮಧ್ಯಾಹ್ನ ಗ್ರಾಮಫೋನು ಹಾಕ್ತಾರೆ. ನಮ್ಮನೆಗೊಂದು ತನ್ನಿ ಅಂದ್ರೆ ನೀವು 'ಪೆಟ್ಟಿಗೆ ಒಳಗೆ ಕೂತು ಅಳೋರ ಸಹವಾಸ ಬೇಡ' ಅಂದ್ರಲ್ಲ. ಬಾಯಿ ಬಿಟ್ಟೀರಿ ಜೋಕೆ, ನನ್ನ ಹಾಡು ನಿಂತುಹೋಗುತ್ತೆ."

ಬಾಯಿ ಬಿಡಲಿಲ್ಲ. ಬಿಡುವ ಅಗತ್ಯವೂ ಕಾಣಲಿಲ್ಲ. ಒಂದೇ ಕೈ, ಒಂದೇ ಮೊಸರು, ಬ್ರೆಡ್ಡೂ ಒಂದೇ ಬೇಕರಿಯದು. ಎರಡೂ ಸಮ. ಸಮವಾದ ಮೇಲೆ ವಯಸ್ಸಿನಲ್ಲಿ ಹಿರಿಯನಾದ ನನಗೇ ಕಾರ್ಯದರ್ಶಿ ಕೆಲಸ. ತರ್ಕದಲ್ಲಿ ಎಲ್ಲಿಯೂ ಬಿರುಕಿರಲಿಲ್ಲ.

ಸಂಜೆ ಜಗುಲಿಯ ಮೇಲೆ ಎರಡು ತಟ್ಟೆ. ಒಂದರಲ್ಲಿ ನನ್ನವು, ಪಕ್ಕದಲ್ಲಿ ಎಂದಿನಂತೆ ಮೇಷ್ಟರ ಡಬ್ಬಿಯವು. ಜಡ್ಜ್ ಸಾಹೇಬರು ಮೊದಲು ನನ್ನದನ್ನು ಕಚ್ಚಿದರು. ಬಹಳ ಹೊತ್ತು ಅಗಿದರು.

"ಪರವಾಗಿಲ್ಲ. ಆದರೆ ಸ್ವಲ್ಪ ಮೊಸರು ಮೊಸರು."

ನೀರು ಕುಡಿದು ಮೇಷ್ಟರದನ್ನು ಕಚ್ಚಿದರು. ಕಣ್ಣು ಮುಚ್ಚಿದರು.

"ಆಹಾ! ಇದು ನೋಡ್ರೀ. ಆ ದೇಶ ಕಂಡ ಕೈ ಅಂದ್ರೆ ಬೇರೇನೇ."

ವಕೀಲರೆಲ್ಲ ಎರಡನ್ನೂ ತಿಂದು ನೋಡಿ ಹೌದೆಂದರು. ಒಬ್ಬರಂತೂ ನನ್ನದರಲ್ಲಿ ಏನೋ ಕಡಿಮೆಯಿದೆ, ಏನೆಂದು ಹೇಳಲು ಬರುತ್ತಿಲ್ಲ ಎಂದರು. ನನಗೆ ಹೇಳಲು ಬರುತ್ತಿತ್ತು. ಒಳಬಾಗಿಲ ಹಿಂದೆ ಎರಡೂ ಮನೆಯ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದರು. ನಾನೂ ಮುಚ್ಚಿಕೊಂಡೆ.

ಕಾರ್ಯದರ್ಶಿ ಯಾರೆಂದು ಅಲ್ಲೇ ಘೋಷಣೆಯಾಯಿತು. ಮೇಷ್ಟರು ನನ್ನ ಭುಜದ ಮೇಲೆ ಕೈಯಿಟ್ಟು, "ಬೇಜಾರು ಮಾಡ್ಕೋಬೇಡಿ. ನೀವು ಸ್ನಾನಕ್ಕೆ ಇನ್ನೂ ಸ್ವಲ್ಪ ಹೊತ್ತು ತಗೋಬೇಕಾಗಿತ್ತು" ಎಂದರು.

ಎಲ್ಲರೂ ಹೋದ ಮೇಲೆ ಹೆಂಡತಿ ತಟ್ಟೆ ಎತ್ತಲು ಬಂದಳು. ಎರಡರಲ್ಲೂ ಒಂದೊಂದು ಉಳಿದಿತ್ತು. ಮೇಷ್ಟರ ತಟ್ಟೆಯದನ್ನು ತೆಗೆದುಕೊಂಡು ಕಚ್ಚಿದಳು.

"ಅದನ್ನೇ ಏಕೆ ತಗೊಂಡೆ? ಎರಡೂ ನೀನೇ ಮಾಡಿದ್ದಲ್ಲವೇನೇ?"

"ಹೌದು" ಎಂದಳು ಅಗಿಯುತ್ತಾ. "ಆದ್ರೂ ಅವರ ಮನೇದು ಒಂದು ಕೈ ಮೇಲೆ ಕಣ್ರೀ."