ಅಕ್ಕೋರ ನೆಲ, ನನ್ನ ಸೀಲಿಂಗು

ಫ್ಲಾಟಿನಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಒಬ್ಬರ ನೆಲವೇ ಇನ್ನೊಬ್ಬರ ಸೀಲಿಂಗ್ ಆದಮೇಲೆ ಆಗದೆ ಎಲ್ಲಿ ಹೋಗಬೇಕು? ನಾನು ಭಟ್ಕಳದ ಹತ್ತಿರದ ಕಾಯ್ಕಿಣಿ ಊರಿನವ, ಸೀಲಿಂಗ್ ಕೆಲಸದವ. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಕಡೆ ಅಂಗಾತ ಮಲಗಿದವರಿಗೆ ಮೊದಲು ಕಾಣುವುದು ನನ್ನ ಕೈಕೆಲಸವೇ. ಅಂಥ ನಾನು ಒಂದು ಸೀಲಿಂಗಿನಿಂದ ಕೆಟ್ಟೆ.

೧. ಒರಳು

“ಪೇಟೆಯಲ್ಲಿ ಮನೆ ಇಲ್ಲದೇ ಇದ್ರೆ ಯಾರೂ ಹೆಣ್ಣು ಕೊಡೂದಿಲ್ಲ” ಎಂದು ಊರಲ್ಲಿರುವ ನನ್ನಮ್ಮ, ಆಯಿ, ಜೀವ ತಿಂದದ್ದಕ್ಕೆ ಕುಮಟೆಯಲ್ಲಿ ಫ್ಲಾಟ್ ತೆಗೆದುಕೊಂಡೆ. ಮೇಲಿನ ಮನೆಯಲ್ಲಿ ಶಾಲೆಯಿಂದ ನಿವೃತ್ತರಾದ ಟೀಚರು, ಎಲ್ಲರಿಗೂ ಅಕ್ಕೋರು. ಬೆಳಕು ಹರಿಯುವ ಮೊದಲೇ ಅವರು ಒರಳುಕಲ್ಲಿನಲ್ಲಿ ರುಬ್ಬಲು ಕೂರುವರು. ನನ್ನ ತಲೆಯ ಮೇಲೆ ಕಲ್ಲಿನ ಲಾರಿ ರಿವರ್ಸ್ ಬಂದ ಹಾಗೆ. ಒಂದು ವಾರ ತಡೆದುಕೊಂಡು, ದಬಾಯಿಸಿಯೇ ಬರುವ ಎಂದು ಮೇಲೆ ಹೋದೆ.

“ಅಕ್ಕೋರೆ, ನಿಮ್ಮಲ್ಲಿ ಮಿಕ್ಸಿ ಇಲ್ವಾ?”

“ಇದೆ ತಮ್ಮಾ. ಅದರ ಗಲಾಟೆ ನನಗೆ ಆಗೂದಿಲ್ಲ.”

ಬಂದವನನ್ನು ಹಾಗೇ ಕಳಿಸುವವರಲ್ಲ ಅವರು. ದೋಸೆಗೆ ಕೂರಿಸಿದರು. ಹೊನ್ನಾವರದಿಂದ ಬಂದಿದ್ದ ಅವರ ಅಣ್ಣನ ಮಗಳು ಬಡಿಸಿದಳು. ಮದುವೆಯಾದರೆ ಇವಳನ್ನೇ ಎಂದು ಅಲ್ಲೇ ನಿರ್ಧಾರ ಮಾಡಿಬಿಟ್ಟೆ. ಅವಳ ಮನೆಯವರನ್ನು ಕೇಳುವುದೊಂದು ಬಾಕಿ ಇತ್ತು. ಜಗಳಕ್ಕೆ ಹೋದವ ಆರು ದೋಸೆ ತಿಂದು ಬಂದೆ. ನಾಲ್ಕು ಹಸಿವೆಗೆ, ಎರಡು ಅವಳು “ಹಾಕ್ಲಾ?” ಅಂದದ್ದಕ್ಕೆ.

೨. ಶಿರಾಲಿ

ಗದ್ದೆಯ ಈ ಬದಿ ನಿಂತು ಆ ಬದಿಯವರನ್ನು ಊಟಕ್ಕೆ ಕರೆದು ಬೆಳೆದ ಗಂಟಲು ನನ್ನದು. ಫೋನು ಬರೀ ನೆಪಕ್ಕೆ. ಒಂದು ಬೆಳಿಗ್ಗೆ ಬಾಲ್ಕನಿಯಲ್ಲಿ ಹಲ್ಲುಜ್ಜುತ್ತಿದ್ದಾಗ ಭಟ್ಕಳದ ಗಿರಾಕಿಯ ಫೋನ್ ಬಂತು.

“ಎಲ್ಲಿದ್ದೀಯಾ ಮಾರಾಯಾ?”

“ಶಿರಾಲಿ ದಾಟ್ದೆ ಸಾಹೇಬ್ರೆ. ಭಟ್ಕಳಕ್ಕೆ ಇನ್ನು ಹತ್ತು ನಿಮಿಷ.”

ಮೇಲಿನ ಬಾಲ್ಕನಿಯಲ್ಲಿ ತುಳಸಿಗೆ ನೀರು ಹಾಕುತ್ತಿದ್ದ ಅಕ್ಕೋರು ಬಗ್ಗಿ ಹೇಳಿದರು, “ತಮ್ಮಾ, ಮೊದಲು ಬಾಯಿ ತೊಳ್ಕ.”

ಮೂವತ್ತು ವರ್ಷ ಪಾಠ ಹೇಳಿದ ಗಂಟಲು, ಫೋನಿಗೆ ಕೇಳದೆ ಇದ್ದೀತೇ? ಗಿರಾಕಿ ಅಂದ, “ಅವ್ರು ಹೇಳಿದ್ದು ಸರಿ. ಬಾಯಿ ತೊಳ್ಕಂಡು ಅಲ್ಲೇ ಇರು. ನಾನು ಬೇರೆಯವ್ರಿಗೆ ಹೇಳ್ತೆ.”

೩. ಬಂಗಡೆ

ಅಕ್ಕೋರು ಎಂಟು ದಿನ ಹೊನ್ನಾವರಕ್ಕೆ ಹೊರಟರು. “ಬರುವಾಗ ಅಣ್ಣನನ್ನೂ ಕರ್ಕಂಡು ಬರ್ತೆ” ಅಂದರು. ಹುಡುಗಿಯ ಅಪ್ಪ! ಮೇಲೆ ಕೂತ ಅವರ ಕಿವಿಗೆ ನನ್ನ ಶಿರಾಲಿಯಂಥ ಸುಳ್ಳು ಬಿದ್ದರೆ ಆತು, ಕಥೆ ಮುಗಿಯಿತು. ಆ ಎಂಟು ದಿನದಲ್ಲೇ ಶಬ್ದ ದಾಟದ ಸೀಲಿಂಗ್ ಕೂರಿಸಿದೆ. ಕಬ್ಬಿಣದ ಚೌಕಟ್ಟು, ನಡುವೆ ದಪ್ಪ ಉಣ್ಣೆಯಂಥ ಹಾಸು, ಅದರ ಕೆಳಗೆ ಎರಡು ಪದರ ಹಲಗೆ, ಕಿಟಕಿಗಳಿಗೆ ರಬ್ಬರು, ಬಾಲ್ಕನಿಗೆ ಗಾಜು. ಸಾಮಾನಿಗೇ ಒಂದು ಹೊಸ ಬೈಕಿನ ದುಡ್ಡು ಹೋಯಿತು. ಫ್ಯಾನು ಎಷ್ಟು ಕೆಳಗಿಳಿಯಿತೆಂದರೆ ಕೂತುಕೊಂಡೇ ಅಂಗಿ ಹಾಕಿಕೊಳ್ಳಬೇಕು. ಅಕ್ಕೋರಿಗೆ ಹೇಳಲಿಲ್ಲ. ಅವರ ದೋಸೆ ತಿಂದ ಬಾಯಲ್ಲಿ “ನಿಮ್ಮ ಶಬ್ದ ತಡೆದೆ” ಅನ್ನುವುದು ಹೇಗೆ?

ಅವರು ಅಣ್ಣನ ಜೊತೆ ಬಂದರು. ಒರಳು ತಿರುಗಿತೋ ಇಲ್ಲವೋ, ನನಗೆ ಕೇಳಲಿಲ್ಲ. ಕರಾವಳಿಯಲ್ಲಿ ಇಂಥ ಕೆಲಸ ಮತ್ತೊಬ್ಬ ಮಾಡಲಿ ನೋಡುವ ಎಂದು ಎದೆ ಉಬ್ಬಿಸಿ ನಿಂತೆ. ಆದರೆ ಮೀನಿನವನ ಬೈಕಿನ ಹಾರ್ನೂ ಕೇಳಲಿಲ್ಲ. “ಬಂಗಡೆ ಬಂತು ತಮ್ಮಾ” ಎಂದು ಅಕ್ಕೋರು ಮೇಲಿಂದ ಕೂಗುತ್ತಿದ್ದದ್ದೂ ಕೇಳಲಿಲ್ಲ. ಸಮುದ್ರದ ಮಗ್ಗುಲಲ್ಲಿದ್ದು ವಾರವಿಡೀ ಉಪ್ಪಿನಕಾಯಲ್ಲಿ ಉಂಡವ ನಾನೊಬ್ಬನೇ ಇರಬೇಕು.

೪. ಮಾತ್ರೆ

ಮೂರು ತಿಂಗಳಿಗೆ ಅಕ್ಕೋರು ಮೆಟ್ಟಿಲ ಮೇಲೆ ಸಿಕ್ಕಿ ಲಗ್ನಪತ್ರಿಕೆ ಕೊಟ್ಟರು. ಅಣ್ಣನ ಮಗಳದ್ದು. ವರನ ಹೆಸರು ಎರಡು ಸಲ ಓದಿದೆ. ಎರಡು ಸಲವೂ ನಾನಲ್ಲ.

“ಈಗ ಹೇಳಿ ಎಂತ ಪ್ರಯೋಜನ ತಮ್ಮಾ. ನಿನ್ನನ್ನೇ ಕೇಳಬೇಕು ಅಂತ ಇತ್ತು.”

“ನನ್ನನ್ನಾ?”

“ದಿನಾ ಸಂಜೆ ನೀ ಆಯಿ ಹತ್ರ ಫೋನಲ್ಲಿ ‘ಮಾತ್ರೆ ತಗಂಡ್ಯಾ, ಉಂಡ್ಯಾ, ಕಾಲುನೋವು ಹೆಂಗಿದೆ’ ಅಂತ ಕೇಳೂದು ನನ್ನ ಅಡಿಗೆಮನೆವರೆಗೂ ಬರ್ತಿತ್ತು. ಬಾಯಿ ಸ್ವಲ್ಪ ಸುಳ್ಳು, ಮನಸ್ಸು ಚಲೋ ಅಂತ ಅಣ್ಣಂಗೆ ಹೇಳ್ದೆ. ಹುಡುಗಿಗೂ ಮನಸ್ಸಿತ್ತು. ಅಣ್ಣ ‘ನನ್ನ ಕಿವಿಯಲ್ಲೇ ಕೇಳ್ತೆ’ ಅಂತ ಬಂದ. ಮೂರು ಸಂಜೆ ಕುರ್ಚಿ ಹಾಕ್ಕಂಡು ಕೂತ. ಪಿಟಕ್ ಅನ್ನಲಿಲ್ಲ ನೀನು.”

ಆ ಮೂರು ಸಂಜೆಯೂ ನಾನು ಆಯಿಯನ್ನು ಮಾತಾಡಿಸಿದ್ದೆ. ಎಂದಿಗಿಂತ ಜೋರಾಗಿಯೇ. ಅದನ್ನು ಹೇಳಬೇಕಾದರೆ ಸೀಲಿಂಗಿನ ವಿಷಯ ಹೇಳಬೇಕು. ವರನ ಹೆಸರು ಮೂರನೇ ಸಲ ಓದಿದೆ.

“‘ಹೆತ್ತವಳನ್ನೇ ಮಾತಾಡಿಸದವ ನನ್ನ ಮಗಳನ್ನ ಎಂತ ಮಾತಾಡಿಸ್ತ?’ ಅಂತ ಹೋದ ಅಣ್ಣ,” ಎಂದು ನಾಲ್ಕು ಮೆಟ್ಟಿಲು ಹತ್ತಿದವರು, ಏನೋ ನೆನಪಾಗಿ ತಿರುಗಿದರು. “ಹಾಂ ತಮ್ಮಾ, ನಿಂದು ಇದೇ ಕಸುಬಲ್ವಾ. ಮದುಮಗ ಹೊನ್ನಾವರದಲ್ಲಿ ಫ್ಲಾಟ್ ತಗಂಡಿದ್ದಾನೆ. ಮೇಲಿನವರ ಗಲಾಟೆ ಭಾರೀ ಅಂತೆ. ಶಬ್ದ ದಾಟದ ಸೀಲಿಂಗ್ ಮಾಡುವವ್ರು ಯಾರಾದ್ರೂ ಗೊತ್ತಿದ್ಯಾ?”

“ಒಬ್ಬ ಇದ್ದಾನೆ ಅಕ್ಕೋರೆ,” ಅಂದೆ. “ಕೆಲಸ ಬಹಳ ಪಕ್ಕಾ. ಅದಕ್ಕೆ ನಿಮ್ಮ ಅಣ್ಣನೇ ಸಾಕ್ಷಿ.”