ಏಳು ಬಿಲ್ಲು, ಒಂದು ‘ಪರವಾಗಿಲ್ಲ’

ಜಗತ್ತಿನಲ್ಲಿ ಬಗೆಬಗೆಯ ಜಿಪುಣರಿದ್ದಾರೆ. ನಮ್ಮ ಮಾವ ಹೊಗಳಿಕೆಯ ಜಿಪುಣರು. ಕಸುಬಿನಲ್ಲಿ ಬಡಗಿ. ಅವರ ಬಾಯಿಂದ ಹೊರಡುವ ಅತ್ಯುನ್ನತ ಪ್ರಶಸ್ತಿಯೆಂದರೆ ‘ಪರವಾಗಿಲ್ಲ’. ನನ್ನ ಮಗಳು ತರಗತಿಗೆ ಮೊದಲಿಗಳಾಗಿ ಬಂದಾಗ ಅದು ಅವಳಿಗೆ ಸಂದಿದೆ. ಬಸ್ ನಿಲ್ದಾಣದ ಒಂದು ಬೆಂಚಿಗೂ ಸಂದಿದೆ. ಅವರ ಅಳಿಯನಾಗಿ ಹದಿನೆಂಟು ವರ್ಷವಾದರೂ ನನಗೆ ಮಾತ್ರ ಸಂದಿಲ್ಲ. ನನ್ನನ್ನು ಕಂಡಾಗ ಅವರು ಹೇಳುವುದು ‘ಹೂಂ’. (ಅದರಲ್ಲೂ ಅನುಸ್ವಾರವನ್ನು ಅರ್ಧ ನುಂಗಿರುತ್ತಾರೆ.)

ಕಾರಣ ಇಲ್ಲದಿಲ್ಲ. ಮದುವೆಯಾದ ಹೊಸತರಲ್ಲಿ ಅವರೆದುರು ಶೌರ್ಯ ತೋರಿಸಲು ಹೋಗಿ, ಗೋಡೆಗೆ ಹೊಡೆಯಬೇಕಾದ ಮೊಳೆಯನ್ನು ಬಿಟ್ಟು ಹೆಬ್ಬೆರಳಿಗೆ ಸುತ್ತಿಗೆಯಿಂದ ಬಾರಿಸಿಕೊಂಡೆ. ನಾನು ಮುದ್ರಣಾಲಯದಲ್ಲಿ ಕರಡು ತಿದ್ದುವವನು ಸ್ವಾಮಿ. ನನ್ನ ಆಯುಧ ಕೆಂಪು ಪೆನ್ನು. ಅದರಿಂದ ಮೊಳೆ ಹೊಡೆಯಲು ಬರುವುದಿಲ್ಲ ಎಂಬುದು ನನ್ನ ತಪ್ಪೇ?

ಹೀಗಿರುವಾಗ ನಮ್ಮ ಬೀದಿಯ ಕೊನೆಯ ಮೈದಾನದಲ್ಲಿ, ನಿವೃತ್ತ ವ್ಯಾಯಾಮ ಶಿಕ್ಷಕರೊಬ್ಬರು ಮರದ ಬಿಲ್ಲು ಮಾಡುವುದನ್ನು ಕಲಿಸಲು ಶುರುಮಾಡಿದರು. ಎಲ್ಲರೂ ಅವರನ್ನು ಬಿಲ್ಲು ಮೇಷ್ಟ್ರು ಎನ್ನುತ್ತಿದ್ದರು. ಬೋರ್ಡು ನೋಡಿದ ಕ್ಷಣವೇ ನನ್ನ ತಲೆಯಲ್ಲಿ ದೀಪ ಹತ್ತಿತು. ಮೇಜು ಕುರ್ಚಿಯಲ್ಲಿ ಮಾವನನ್ನು ಮೀರಿಸುವುದು ನನ್ನಪ್ಪನಾಣೆಗೂ ಆಗದು. ಆದರೆ ಬಿಲ್ಲು? ಅದನ್ನು ಅವರೂ ಮಾಡಿಲ್ಲ. ಒಂದೇ ಒಂದು ಬಿಲ್ಲು ಮಾಡಿ ಅವರ ಕೈಗಿಟ್ಟು, ಬಾಯಿಂದ ಆ ಐದು ಅಕ್ಷರವನ್ನು ಹೊರಡಿಸದಿದ್ದರೆ ನಾನು ಅಳಿಯನೇ ಅಲ್ಲ ಎಂದು ಭೀಕರ ಪ್ರತಿಜ್ಞೆ ಮಾಡಿದೆ.

ನಮ್ಮಾಕೆ ಕೇಳಿ ನಗಲಿಲ್ಲ. ಅದೇ ಭಯ ಹುಟ್ಟಿಸಿದ್ದು.

“ರೀ, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ?”

“ಬಗ್ಗುತ್ತೆ ಕಣೇ. ಬಿಲ್ಲು ಅಂದ್ರೆ ಅದೇ. ಮರವಾಗಿ ಬಗ್ಗೋದು.”

“ನಾನು ಹೇಳಿದ್ದು ನಿಮ್ಮ ವಿಷಯ.”

ಅವಳು ಆಸ್ಪತ್ರೆಯ ಪ್ಲಾಸ್ಟರ್ ಕೋಣೆಯಲ್ಲಿ ನರ್ಸು. ಮುರಿದದ್ದನ್ನು ಕೂಡಿಸುವುದು ಅವಳ ಕಸುಬು. ಮುರಿಯುವುದು ನನ್ನ ಕಸುಬಾಗುತ್ತದೆ ಎಂದು ಆಗ ಇಬ್ಬರಿಗೂ ಗೊತ್ತಿರಲಿಲ್ಲ.

ಮೇಷ್ಟ್ರು ಹೇಳಿದ್ದು ಎರಡೇ ಮಾತು. ಬಿಲ್ಲಿನ ಹೊರಮೈಯಲ್ಲಿ, ಮರ ವರ್ಷಕ್ಕೊಂದರಂತೆ ಬೆಳೆಸುವ ಉಂಗುರಗಳಲ್ಲಿ ಒಂದೇ ಒಂದು ಈ ತುದಿಯಿಂದ ಆ ತುದಿಯವರೆಗೆ ಅಖಂಡವಾಗಿರಬೇಕು, ಅದನ್ನು ಮುಟ್ಟಬಾರದು. ಒಳಮೈಯನ್ನು ಮಾತ್ರ ಹೆರೆಯುತ್ತ ಹೋಗಬೇಕು, ಬಿಲ್ಲಿನ ಎರಡು ಅರ್ಧಗಳು, ಅಂದರೆ ಮೇಲಿನ ಕೈ ಕೆಳಗಿನ ಕೈ, ಒಂದೇ ಸಮ ಬಾಗುವವರೆಗೆ. ಇಷ್ಟೇ. ಇಷ್ಟರಲ್ಲೇ ನನ್ನ ಆರು ತಿಂಗಳು ಕಳೆದವು.

ಮೊದಲನೆಯ ಬಿಲ್ಲಿನ ಹೊರಮೈಯಲ್ಲಿ ಒಂದು ಸಣ್ಣ ಗಂಟಿತ್ತು. ಅದು ನನ್ನ ಕಣ್ಣಿಗೆ ಅಚ್ಚಿನ ದೋಷದಂತೆ ಕಂಡಿತು. ಇಪ್ಪತ್ತೆರಡು ವರ್ಷ ದೋಷ ಹೆಕ್ಕಿದ ಕೈ ಸುಮ್ಮನಿದ್ದೀತೇ? ತೆಗೆದೆ. ಜೊತೆಗೆ ಉಂಗುರವೂ ಕಿತ್ತು ಬಂತು. ಎಳೆದ ಮೊದಲ ಸಲಕ್ಕೇ ಬಿಲ್ಲು ಟಪ್ಪೆಂದು ಎರಡಾಯಿತು. ಎರಡನೆಯದರಲ್ಲಿ ಮೇಲಿನ ಕೈ ಬಿರುಸಾಗಿತ್ತು, ಹೆರೆದೆ. ಈಗ ಕೆಳಗಿನದು ಬಿರುಸು, ಅದನ್ನೂ ಹೆರೆದೆ. ಮತ್ತೆ ಮೇಲಿನದು. ತಿದ್ದುವುದು ಕಸುಬು, ತೀಡುವುದು ಹೊಸ ಚಟ. ಎರಡೂ ಸೇರಿ ‘ತಿದ್ದಿ ತೀಡಿ’ ಕೊನೆಗೆ ಉಳಿದದ್ದು ಹಲ್ಲುಕಡ್ಡಿಯ ದೊಡ್ಡಣ್ಣ. ಅದು ಈಗ ಮಂಚದ ಕೆಳಗೆ ಹೋದ ಚಪ್ಪಲಿ ಎಳೆಯಲು ಬಳಕೆಯಲ್ಲಿದೆ.

ಮೂರನೆಯದು ಹಸಿ ಮರ. ಬಾಗಿತು ನಿಜ, ವಾಪಸ್ಸು ಬರಲೇ ಇಲ್ಲ. ನಾಲ್ಕನೆಯದು ಬಿರುಕು ಬಿಟ್ಟಿತು. ಮರುದಿನ ಪ್ರೆಸ್ಸಿನಿಂದ ಬಂದು ನೋಡುತ್ತೇನೆ, ನಮ್ಮಾಕೆ ಅದಕ್ಕೆ ನೀಟಾಗಿ ಪ್ಲಾಸ್ಟರ್ ಪಟ್ಟಿ ಸುತ್ತಿ, ಕುತ್ತಿಗೆಗೆ ಜೋಲಿ ಕಟ್ಟಿ, ಗೋಡೆಗೆ ಅಂದು ನಾನು ಹೊಡೆದಿದ್ದ ಆ ಸೊಟ್ಟ ಮೊಳೆಗೆ ನೇತುಹಾಕಿದ್ದಾಳೆ.

“ಆರು ವಾರ ಅಲ್ಲಾಡಿಸಬೇಡಿ,” ಎಂದಳು, ಮುಖದಲ್ಲಿ ಒಂದು ಗೆರೆ ಅಲುಗದೆ.

ಐದನೆಯದರ ಬಗ್ಗೆ ನಾನು ಹೇಳುವುದಿಲ್ಲ. ಅದು ಒಡೆದ ಹಜಾರದ ದೀಪದ ಬಗ್ಗೆ ನಮ್ಮಾಕೆಯೇ ಹೇಳುತ್ತಾಳೆ, ಯಾರು ಕೇಳಿದರೂ.

ಆರನೆಯದು ಮಾತ್ರ ಬಿಲ್ಲಾಗುವುದರಲ್ಲಿತ್ತು. ಹೆದೆ ಏರಿಸುವಾಗ (ಹೆದೆ ಎಂದರೆ ಬಿಲ್ಲಿನ ಹುರಿ) ಮೊದಲು ಹೆದೆ ಹರಿಯಿತು, ಹರಿದ ರಭಸಕ್ಕೆ ಮರವೂ ಸೀಳಿತು. ಅವತ್ತು ನಿಜವಾಗಿ ಅಳು ಬಂತು. ನಲವತ್ತೈದು ವರ್ಷದ ಗಂಡಸು ಮರದ ತುಂಡು ಹಿಡಿದು ಹಿತ್ತಲ ಮೆಟ್ಟಿಲ ಮೇಲೆ ಕೂತು ಅತ್ತೆ. ನಮ್ಮಾಕೆ ಪಕ್ಕದಲ್ಲಿ ಕೂತಳು. ಎರಡು ತುಂಡನ್ನೂ ಜೋಡಿಸಿ ನೋಡಿ, “ಇದು ಹಿಂದಿನ ಐದಕ್ಕಿಂತ ಚೆನ್ನಾಗಿ ಮುರಿದಿದೆ ಕಣ್ರೀ. ಏಳನೇದು ಮಾಡಿ,” ಎಂದಳು. ಅಷ್ಟು ಸಾಕಾಯಿತು.

ಅಷ್ಟರಲ್ಲಿ ನಮ್ಮ ಮಗಳು ಅಜ್ಜನಿಗೆ ಫೋನು ಹಚ್ಚಿದ್ದಳು. ಹ-ಕಾರ ನುಂಗುವುದು ಅವಳ ಹುಟ್ಟುಗುಣ. ಕರಡು ತಿದ್ದುವವನ ಮಗಳನ್ನು ತಿದ್ದಲು ನನ್ನಿಂದಾಗಿಲ್ಲ.

“ತಾತ, ಅಪ್ಪನ ಎದೆ ಅರಿದೋಯ್ತು. ಅಳ್ತಾ ಕೂತಿದಾರೆ.”

ಆ ಕಡೆ ಮಾವ ಎದ್ದು ಚಪ್ಪಲಿ ಹಾಕಿಕೊಂಡರಂತೆ. ನಾನು ಫೋನು ಕಸಿದುಕೊಂಡು, ಎದೆಯಲ್ಲ ಮಾವ, ಹೆದೆ, ಎಂದು ಬಿಲ್ಲಿನ ಗುಟ್ಟನ್ನು ಒಪ್ಪಿಸಬೇಕಾಯಿತು.

“ಅಳಿಯಂದ್ರು ಬಿಲ್ಲು ಮಾಡ್ತಿದ್ದೀರಾ.”

“ಹೌದು ಮಾವ.”

“ಹೂಂ. ಚಪ್ಪಲಿ ಹೇಗೂ ಹಾಕ್ಕೊಂಡಿದೀನಿ. ಭಾನುವಾರ ಬರ್ತೀನಿ.”

ಅವತ್ತು ಬುಧವಾರ. ಮನೆಯಲ್ಲಿ ಮರ ಇಲ್ಲ. ಮೇಷ್ಟ್ರ ಬಳಿ ಇದ್ದದ್ದೆಲ್ಲ ಹಸಿ. ಮರದ ಅಂಗಡಿಯವನು ತೋರಿಸಿದ ತುಂಡಿನಲ್ಲಿ ಮರಕ್ಕಿಂತ ಗಂಟೇ ಹೆಚ್ಚು. ಗುರುವಾರ ಬೆಳಿಗ್ಗೆ ಬಾಗಿಲ ಪಕ್ಕದ ಸಣ್ಣ ಕೋಣೆಯಲ್ಲಿ, ಹೆರೆಯುವ ಅಲಗು ಮಂಚದ ಕೆಳಗೆ ಉರುಳಿತು. ಅದನ್ನು ಹುಡುಕಲು ಬಗ್ಗಿ ನೋಡಿದವನು ಹಾಗೇ ನಿಂತುಬಿಟ್ಟೆ, ಅಂದರೆ ಮಲಗಿಬಿಟ್ಟೆ.

ಹಾಸಿಗೆಯ ಅಡಿಯಲ್ಲಿ, ತಲೆಯ ಕಡೆಯಿಂದ ಕಾಲಿನ ಕಡೆಗೆ, ಆಳುದ್ದದ ಐದು ಮರದ ಪಟ್ಟಿ. ಹದಿನೆಂಟು ವರ್ಷ ಒಣಗಿದ ಮರ. ಗಂಟಿಲ್ಲ, ತಿರುಚಿಲ್ಲ, ಎಳೆ ಗೆರೆ ಎಳೆದಂತೆ ನೇರ. ಐದೂ ತದ್ವತ್ ಒಂದೇ. ನಮ್ಮ ಕಸುಬಿನಲ್ಲಿ ಒಂದೇ ಮಾತನ್ನು ಐದು ಸಲ ಹೇಳಿದರೆ ಅದನ್ನು ಪುನರುಕ್ತಿ ದೋಷ ಎನ್ನುತ್ತೇವೆ. ನಡುವಿನದನ್ನು ಕೆಂಪು ಪೆನ್ನಿನಿಂದ ಹೊಡೆದುಹಾಕಿದಂತೆ ತೆಗೆದುಹಾಕಿದೆ. ಹಾಸಿಗೆಯನ್ನು ಮೊದಲಿನಂತೆ ಹಾಸಿ, ಮೇಲೆ ಹೊದಿಕೆ ಎಳೆದು ಸುಕ್ಕು ತೆಗೆದೆ. (ಆ ಮಂಚ ಯಾರು ಮಾಡಿದ್ದು, ಮನೆಗೆ ಬಂದಾಗ ಅದರ ಮೇಲೆ ಯಾರು ಮಲಗುತ್ತಾರೆ ಎಂಬುದೆಲ್ಲ ನನಗೆ ಗೊತ್ತಿತ್ತು. ಆದರೆ ಅಕ್ಷರ ನೋಡುವವನಿಗೆ ಅರ್ಥ ಕಾಣುವುದಿಲ್ಲ. ಇದು ನಮ್ಮ ಕಸುಬಿನ ಹಳೆಯ ಕಾಯಿಲೆ.)

ಆ ಮರ ಮಾತು ಕೇಳುವ ಮರ. ಹೆರೆದಷ್ಟೇ ಬಂತು, ಎಳೆದಷ್ಟೇ ಬಾಗಿತು. ಶನಿವಾರ ಸಂಜೆಗೆ ಎರಡೂ ಕೈ ಹೆಚ್ಚೂಕಡಿಮೆ ಸಮವಾಗಿದ್ದವು. ಮೇಲಿನ ಕೈಯಲ್ಲಿ ಒಂದು ಕೂದಲೆಳೆಯಷ್ಟು ಬಿರುಸು. ನನ್ನ ಕೈ ಅಲಗಿನ ಕಡೆ ಹೋಯಿತು. ನಮ್ಮಾಕೆ ಬಾಗಿಲಲ್ಲಿ ನಿಂತಿದ್ದಳು.

“ರೀ, ಪ್ರೆಸ್ಸಲ್ಲಿ ಒಂದು ಪುಸ್ತಕನ ಎಷ್ಟು ಸಲ ತಿದ್ತೀರಿ?”

“ಮೂರು ಸಲ.”

“ಆಮೇಲೂ ತಪ್ಪು ಇರುತ್ತಲ್ಲ?”

“ಇರುತ್ತೆ.”

“ಏನ್ಮಾಡ್ತೀರಿ?”

“ಅಚ್ಚಿಗೆ ಕಳಿಸ್ತೀವಿ.”

“ಇದನ್ನೂ ಕಳಿಸಿ,” ಎಂದು ಅಲಗನ್ನು ತೆಗೆದು ತನ್ನ ಪರ್ಸಿಗೆ ಹಾಕಿಕೊಂಡಳು. ಆರು ಬಿಲ್ಲು ಮುರಿದು ಕಲಿಯದ ಪಾಠವನ್ನು ನಾನು ಆ ಪರ್ಸಿನ ಜಿಪ್ಪಿನ ಸದ್ದಿನಲ್ಲಿ ಕಲಿತೆ. ಪೆನ್ಸಿಲಿನಿಂದ ಬಿಲ್ಲಿನ ಒಳಮೈ ಮೇಲೆ ‘ಅಚ್ಚಿಗೆ ಹೋಗಬಹುದು’ ಎಂದು ಬರೆದು ಸಹಿ ಹಾಕಿದೆ.

ಭಾನುವಾರ ಊಟಕ್ಕೆ ಮುಂಚೆಯೇ ಮಾವ ಬಂದರು. ಹಿತ್ತಲಲ್ಲಿ ಆರು ಬಿಲ್ಲುಗಳ ಹೆರಕಲನ್ನೆಲ್ಲ ತುಂಬಿದ ಗೋಣಿಚೀಲವನ್ನು ಗುರಿಯಾಗಿ ನಿಲ್ಲಿಸಿದ್ದೆ. ಹೆದೆ ಏರಿಸಿದೆ. ಎದೆ ಉಬ್ಬಿಸಿದೆ. (ಮಗಳೇ, ಎರಡೂ ಬೇರೆ ಬೇರೆ.) ಎಳೆದೆ. ಬಿಲ್ಲು ಕಿರ್ರೆನ್ನಲಿಲ್ಲ, ಕೊರಗಲಿಲ್ಲ. ಬಿಟ್ಟೆ. ಬಾಣ ಹೋಗಿ ಚೀಲದ ನಟ್ಟನಡುವೆ ಕೂತಿತು. ಇನ್ನೊಂದು ಬಿಟ್ಟೆ, ಅದೂ ಕೂತಿತು. ನನ್ನ ಕೈಯಿಂದ, ಸುತ್ತಿಗೆಯೇಟು ತಿಂದ ಹೆಬ್ಬೆರಳಿನ ಇದೇ ಕೈಯಿಂದ, ಒಂದು ಬಿಲ್ಲು ಹುಟ್ಟಿತ್ತು. ಅವತ್ತಿನ ನನ್ನ ಹೆಮ್ಮೆಯನ್ನು ಅಳೆಯಲು ಮಾವನ ಅಳತೆಪಟ್ಟಿಯೂ ಸಾಲುತ್ತಿರಲಿಲ್ಲ.

ಮಾವ ಬಿಲ್ಲನ್ನು ತೆಗೆದುಕೊಂಡರು. ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿದರು. ಉಗುರಿನಿಂದ ತಟ್ಟಿದರು. ಮೂಸಿದರು. ನನ್ನನ್ನು ನೋಡಿದರು. ತುಟಿ ತೆರೆಯಿತು.

“ಪ...”

ನಾನು ಉಸಿರು ಹಿಡಿದೆ.

“ಪಕ್ಕದ ಕೋಣೇಲಿ ಸ್ವಲ್ಪ ಒರಗ್ತೀನಿ,” ಎಂದು ಬಿಲ್ಲನ್ನು ನನ್ನ ಕೈಗಿಟ್ಟು ಒಳಗೆ ಹೋದರು.

ಆಗ ನನಗೆ ಅರ್ಥ ಕಂಡಿತು. ಮಾವ, ಮಾವ, ಎನ್ನುತ್ತ ಓಡಿದೆ. ನಾನು ಹೊಸ್ತಿಲು ದಾಟುವ ಮೊದಲೇ ಒಳಗೆ ಧಡಲ್ ಎಂದಿತು.

ಉಳಿದ ನಾಲ್ಕು ಪಟ್ಟಿ ಎರಡೆರಡಾಗಿ ಅತ್ತಿತ್ತ ಸರಿದು ದಾರಿ ಬಿಟ್ಟಿದ್ದವು. ಮಾವನ ನಡು ನೆಲ ಮುಟ್ಟಿತ್ತು. ತಲೆ ಆ ತುದಿಯಲ್ಲಿ, ಪಾದ ಈ ತುದಿಯಲ್ಲಿ, ಎರಡೂ ಮೇಲಕ್ಕೆ. ನಾನು ಸುಳ್ಳು ಹೇಳುವುದಿಲ್ಲ, ಎರಡೂ ಕೈ ಇಷ್ಟು ಸಮವಾಗಿ ಬಾಗಿದ್ದನ್ನು ನಾನು ಮೇಷ್ಟ್ರ ಬಿಲ್ಲಿನಲ್ಲೂ ನೋಡಿರಲಿಲ್ಲ.

ಮಾವ ಮಲಗಿದ್ದಲ್ಲಿಂದಲೇ ಶಾಂತವಾಗಿ ಕೇಳಿದರು.

“ಎಷ್ಟನೇ ಪಟ್ಟಿ, ಅಳಿಯಂದ್ರೇ?”

“ಮೂರನೇದು, ಮಾವ.”

“ಅದೇ ಅಂದ್ಕೊಂಡೆ. ನನ್ನ ಮರ ನನಗೆ ವಾಸನೇಲಿ ಗೊತ್ತಾಗುತ್ತೆ.”

ನಮ್ಮಾಕೆ ಓಡಿಬಂದು ಮೊದಲು ಅಪ್ಪನ ಮೂಳೆ ಮುಟ್ಟಿ ನೋಡಿದಳು. ಏನೂ ಆಗಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದಳು. ಆ ನೋಟವನ್ನು ಅಚ್ಚಿಗೆ ಕಳಿಸುವಂತಿಲ್ಲ. ಮಾವ ಎದ್ದು, ಪಂಚೆ ಕೊಡವಿ, ಕೈ ಚಾಚಿದರು.

“ಎಲ್ಲಿಂದ ತೆಗೆದ್ರೋ ಅಲ್ಲಿಗೇ ಹಾಕಿ.”

“ಮಾವ, ಅದು ಈಗ ಬಿಲ್ಲು...”

“ಹಾಕಿ.”

ನಾನೇ ಹೆದೆ ಇಳಿಸಿದೆ. ನಾನೇ ನಾಲ್ಕು ಪಟ್ಟಿ ಸರಿಸಿ, ನಡುವೆ ನನ್ನ ಏಳನೆಯ ಬಿಲ್ಲನ್ನು ಹೊರಮೈ ಮೇಲಾಗಿ ಕೂರಿಸಿ, ಅವರು ಕೊಟ್ಟ ಮೊಳೆಗಳನ್ನು ಹೊಡೆದೆ. (ಒಂದೂ ಹೆಬ್ಬೆರಳಿಗೆ ತಾಕಲಿಲ್ಲ. ಯಾರೂ ಗಮನಿಸಲಿಲ್ಲ.) ಮಾವ ಹಾಸಿಗೆ ಹಾಸಿ ಮಲಗಿದರು. ಬಿಲ್ಲು ಮೆಲ್ಲಗೆ ತಗ್ಗಿ, ಮೆಲ್ಲಗೆ ಎತ್ತಿತು. ಅವರು ಮಗ್ಗುಲಾದರು. ಇನ್ನೊಮ್ಮೆ, ಬೇಕೆಂದೇ, ಸ್ವಲ್ಪ ಕುಣಿದು ನೋಡಿದರು. ಕಣ್ಣು ಮುಚ್ಚಿದರು.

“ಪರವಾಗಿಲ್ಲ,” ಎಂದರು.

ಹದಿನೆಂಟು ವರ್ಷದ ಮೇಲೆ ಸ್ವಾಮಿ. ಸಾಕ್ಷಿಗೆ ಹೆಂಡತಿ, ಮಗಳು ಇಬ್ಬರೂ ಇದ್ದಾರೆ. ನಾನು ಕಣ್ಣೊರೆಸಿಕೊಳ್ಳುತ್ತಿರುವಾಗಲೇ ಮಾವ ಕಣ್ಣು ಬಿಡದೆ ಮುಂದುವರಿಸಿದರು: “ಉಳಿದ ನಾಲ್ಕನ್ನೂ ಹೀಗೇ ಮಾಡ್ಬಿಡಿ. ಅಲ್ಲೀವರೆಗೂ ನಾನು ಇಲ್ಲೇ ಇರ್ತೀನಿ.”

ಈಗ ಎಂಟನೆಯದು ನಡೆಯುತ್ತಿದೆ. ಮಾವ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ಪ್ರತಿ ಹೆರಕಲಿಗೂ ‘ಹೂಂ’ ಎನ್ನುತ್ತ ಕೂತಿರುತ್ತಾರೆ. ನಿನ್ನೆ ಮೈದಾನದಲ್ಲಿ ಮೇಷ್ಟ್ರು, “ಎಲ್ಲಿ, ನಿಮ್ಮ ಬಿಲ್ಲು ತರಲೇ ಇಲ್ಲ?” ಎಂದರು.

“ನಮ್ಮ ಮಾವ ಅದರ ಮೇಲೆ ಮಲಗಿದ್ದಾರೆ,” ಎಂದೆ.

“ಛೆ, ಹಾಗಾದ್ರೆ ನಿಮಗೆ ಬಾಣ ಬಿಡೋಕೆ?”

ನಾನು ಎದೆ ಉಬ್ಬಿಸಿ ಹೇಳಿದೆ, “ಪರವಾಗಿಲ್ಲ.”