ಹಳದಿ ಪಟ್ಟಿಯವರ ಸಾಲು

ಎಲ್ಲಿ ನಾಲ್ಕು ಜನ ಸಾಲಾಗಿ ನಿಲ್ಲುತ್ತಾರೋ ಅಲ್ಲಿ ನನ್ನ ತಲೆ ಕೆಡಿಸುವಂಥದ್ದು ಏನಾದರೊಂದು ನಡೆದೇ ನಡೆಯುತ್ತದೆ. ಹಾಲಿನ ಬೂತಾಗಲಿ, ಧರಮಪೇಠದ ದವಾಖಾನೆಯಾಗಲಿ, ಮದುವೆಯ ಊಟವಾಗಲಿ, ನಾನು ಹೋಗಿ ನಿಂತ ಕೂಡಲೇ ಯಾರಾದರೊಬ್ಬರು ಒಂದೇ ನಿಮಿಷ ಎನ್ನುತ್ತ ನಡುವೆ ತೂರುತ್ತಾರೆ. ನನಗೆ ಮೈ ಉರಿಯುತ್ತದೆ. ಗದಗ ಬಿಟ್ಟು ನಾಗಪುರಕ್ಕೆ ಬಂದ ನಾನು ನಿವೃತ್ತಿಯಾಗುವವರೆಗೂ ರೈಲ್ವೆಯ ರಿಸರ್ವೇಶನ್ ಕೌಂಟರಿನ ಹಿಂದೆ ಕೂತವನು. ಕಿಟಕಿಯ ಪಕ್ಕದಿಂದ ಕೈ ತೂರಿಸಿದವರನ್ನೆಲ್ಲ, ದೊಡ್ಡ ಸಾಹೇಬರ ಅಳಿಯನೇ ಇರಲಿ, ಸಾಲಿನ ಬಾಲಕ್ಕೆ ಕಳಿಸಿದ್ದೇನೆ. ಮನೆಯಲ್ಲಿ ಮಾತ್ರ ಇದನ್ನು ಒಂದು ಗುಣವೆಂದು ಯಾರೂ ಒಪ್ಪಿಲ್ಲ.

ಈ ಸಲದ ಸಂಕ್ರಾಂತಿಯ ಮುಂದಿನ ಭಾನುವಾರ ನಡೆದದ್ದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಮಾತ್ರ ಕೇಳಬೇಡಿ.

ನಾಗಪುರದಿಂದ ಬುಟಿಬೋರಿಯ ಕಡೆ ಹೋಗುವ ಹೆದ್ದಾರಿಗೆ ಹೊಂದಿಕೊಂಡು ಒಂದು ಮನರಂಜನಾ ಪಾರ್ಕ್ ಇದೆ. ಅಲ್ಲಿಯ ದೊಡ್ಡ ತೊಟ್ಟಿಲು, ಅಂದರೆ ಜಾಯಂಟ್ ವೀಲ್, ಹತ್ತಬೇಕೆಂಬುದು ನನ್ನ ಹೆಂಡತಿಯ ಬಹಳ ದಿನಗಳ ಆಸೆ. ಮೇಲಿನಿಂದ ನಾವಿರುವ ಧರಮಪೇಠ ಕಾಣುತ್ತದೆಯೇ ನೋಡಬೇಕಂತೆ. ಹಿಂದೆ ಹೋದಾಗಲೆಲ್ಲ ಎಲ್ಲರ ಚೀಲ, ಚಪ್ಪಲಿ, ಕನ್ನಡಕ ಕಾಯುವ ಕೆಲಸ ಇವಳ ಪಾಲಿಗೆ ಬಂತು. ನಾವೆಲ್ಲ ಆಡಿ ಬರುವಷ್ಟರಲ್ಲಿ ತೊಟ್ಟಿಲು ಬಂದ್ ಆಗಿರುತ್ತಿತ್ತು. ಈಗ ಮುಂದಿನ ತಿಂಗಳು ಇವಳ ಮೊಣಕಾಲಿನ ಆಪರೇಶನ್ ಎಂದು ಡಾಕ್ಟರು ಹೇಳಿಬಿಟ್ಟರು.

"ಆಮ್ಯಾಲೆ ನನ್ನ ಹತ್ತಾಕ ಬಿಡ್ತಾರೋ ಇಲ್ಲೋ ಯಾರಿಗೆ ಗೊತ್ತು. ಈ ಸಲ ತೊಟ್ಟಿಲದಾಗ ಕೂತs ಮನಿಗೆ ಬರಾಕಿ ನಾ," ಎಂದಳು.

ನಾವಿಬ್ಬರು, ಬುಟಿಬೋರಿಯ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೆಲಸ ಮಾಡುವ ನಮ್ಮ ಮಗಳು, ಹಬ್ಬಕ್ಕೆಂದು ಹುಬ್ಬಳ್ಳಿಯಿಂದ ಬಂದಿದ್ದ ಹೆಂಡತಿಯ ತಮ್ಮ, ಇಷ್ಟು ಜನ ಹೊರಟೆವು.

ಬಾಗಿಲಲ್ಲೇ ಶುರು

ಟಿಕೆಟ್ ಕಿಟಕಿಯಲ್ಲಿದ್ದ ಹುಡುಗಿ ಮೊದಲು ಕೇಳಿದ್ದೇ, ಸಾದಾ ಬೇಕೋ ಫಾಸ್ಟ್ ಬೇಕೋ ಎಂದು. ಫಾಸ್ಟ್ ಎಂದರೇನು ಎಂದೆ. ಇನ್ನಷ್ಟು ದುಡ್ಡು ಕೊಟ್ಟರೆ ಮುಂಗೈಗೆ ಹಳದಿ ಪಟ್ಟಿ ಕಟ್ಟುತ್ತಾರಂತೆ. ಪಟ್ಟಿ ಕಟ್ಟಿದವರಿಗೆ ಪ್ರತಿ ಆಟದ ಮುಂದೆಯೂ ಬೇರೆ ಬಾಗಿಲು. ಸಾಲಿನಲ್ಲಿ ನಿಲ್ಲಬೇಕಿಲ್ಲ, ನೇರ ಒಳಗೆ.

"ಹಾಗಾದರೆ ಸಾಲಿನಲ್ಲಿ ಮೊದಲೇ ನಿಂತವರು?" ಎಂದು ಹಿಂದಿಯಲ್ಲಿ ಕೇಳಿದೆ.

"ಅವರು ನಿಂತಿರುತ್ತಾರೆ ಅಂಕಲ್," ಎಂದು ಆಕೆ ನಕ್ಕಳು.

ನನಗೆ ತಡೆಯಲಾಗಲಿಲ್ಲ. ಎಲ್ಲರೂ ಟಿಕೆಟ್ ಕೊಂಡೇ ಬಂದವರು, ಎಲ್ಲರ ತಲೆಯ ಮೇಲೂ ಅದೇ ಬಿಸಿಲು, ನಡುವೆ ತೂರುವುದಕ್ಕೆ ಪಾರ್ಕಿನವರೇ ಅಂಗಡಿ ತೆರೆದು ಕೂತರೆ ಇನ್ನು ಸಾಲು ಎಂಬುದಾದರೂ ಯಾಕೆ ಎಂದು ಕೇಳಿದೆ. ಅವ್ವನ ಒಬ್ಬಳ ಸಲುವಾಗಿಯಾದರೂ ಒಂದು ಪಟ್ಟಿ ತೊಗೊಳ್ಳೋಣ, ಅವಳ ಕಾಲು ನೋಡಿ ಎಂದು ಮಗಳು ಕಿವಿಯಲ್ಲಿ ಹೇಳಿದಳು. ನಮ್ಮ ಮನೆಯವರು ಯಾರೂ ದುಡ್ಡು ಕೊಟ್ಟು ಇನ್ನೊಬ್ಬರ ಪಾಳಿ ಕಸಿದುಕೊಳ್ಳುವುದಿಲ್ಲ ಎಂದು ಕಿಟಕಿಗೂ ಕೇಳುವಂತೆ ಹೇಳಿದೆ. ಹೆಂಡತಿ ನಿಟ್ಟುಸಿರು ಬಿಟ್ಟು, ತತ್ವ ನನ್ನದು, ಮೊಣಕಾಲು ಮಾತ್ರ ತನ್ನದು ಎಂದಳು.

"ಮತ್ತ ಅಪ್ಪಾ, ನೀವು ಕೌಂಟರಿನ್ಯಾಗ ಕೂತು ತತ್ಕಾಲ್ ಟಿಕೆಟ್ ಕೊಡ್ತಿದ್ರಲ್ಲ, ಅದೂ ಜಾಸ್ತಿ ಪೈಸೆದ್ದs ಅಲ್ಲೇನು?" ಎಂದಳು ಮಗಳು.

"ಅದು ಬ್ಯಾರೆ."

"ಹ್ಯಾಂಗ ಬ್ಯಾರೆ?"

"ಅದು ಭಾರತ ಸರಕಾರದ್ದು," ಎಂದೆ. ಇದಕ್ಕಿಂತ ಒಳ್ಳೆಯ ಉತ್ತರ ಇನ್ನೂ ಹೊಳೆದಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಗದ್ದಲ ಕೇಳಿಸಿತು. ಕಾಕಾ ಒಬ್ಬರು ಕಿಟಕಿ ಬಿಡುತ್ತಿಲ್ಲ, ಅರ್ಧ ಊರು ಅವರ ಹಿಂದೆ ನಿಂತಿದೆ ಎಂದು ಯಾರೋ ಕಾವಲುಗಾರನಿಗೆ ದೂರು ಕೊಡುತ್ತಿದ್ದರು. ಸಾಲಿನ ಪರವಾಗಿ ಮಾತಾಡಲು ಹೋಗಿ ಸಾಲನ್ನೇ ನಿಲ್ಲಿಸಿದವನು ನಾನು.

ನಮ್ಮಲ್ಲಿ ಇಲ್ಲದ ಆಟ

ಆದರೂ ನಾನು ಎದೆ ಸೆಟೆಸಿಕೊಂಡೇ ಒಳಗೆ ಹೋದೆ. ಯಾಕೆಂದರೆ ನಾನು ತಯಾರಿ ಮಾಡಿಕೊಂಡು ಬಂದಿದ್ದೆ. ಸಾದಾ ಟಿಕೆಟಿನವರು ಯಾವುದಾದರೂ ಒಂದು ಆಟಕ್ಕೆ ಮುಂಚಿತವಾಗಿ ಫೋನಿನಲ್ಲಿ ಸಮಯ ಕಾದಿರಿಸಬಹುದು, ಅದಕ್ಕೆ ಬೇರೆ ದುಡ್ಡಿಲ್ಲ. ಇದು ನ್ಯಾಯವಾದ ಪದ್ಧತಿ. ಮಗಳ ಸಹಾಯವಿಲ್ಲದೆ ನಾನೇ ಕೂತು ತೊಟ್ಟಿಲಿಗೆ ಸಂಜೆ ಐದರ ಸಮಯ ಹಿಡಿದಿದ್ದೆ. ಐದರಿಂದ ಮುಂದಿನ ಸಮಯಗಳೆಲ್ಲ ಹೇರಳವಾಗಿ ಖಾಲಿ ಇದ್ದವು. ಕಾರಿನಲ್ಲಿ ಈ ಸಾಹಸವನ್ನು ಹೇಳಿದ್ದೇ ಹೇಳಿದ್ದು.

ಒಳಗೆ ಪೋಹಾ ತಿನ್ನುತ್ತ ಕೂತಾಗ ಹೆಂಡತಿ ಇದ್ದಕ್ಕಿದ್ದಂತೆ ತಟ್ಟೆ ಕೆಳಗಿಟ್ಟಳು. ಇವತ್ತು ಭಾನುವಾರ, ನಾಲ್ಕೂವರೆಗೆ ರಾಹುಕಾಲ ಹಿಡಿಯುತ್ತದೆ, ಅದು ಬಿಡುವ ಆರಕ್ಕೆ ತೊಟ್ಟಿಲೇ ಬಂದ್, ಐದಕ್ಕೆ ತಾನು ತೊಟ್ಟಿಲು ಹತ್ತುವುದಿಲ್ಲ ಎಂದಳು. ಆಟಕ್ಕೆಂಥ ರಾಹುಕಾಲ ಎಂದು ನಾನು ರೇಗಿದೆ.

"ನೆಲದ ಮ್ಯಾಲಿನ ಕೆಲಸಕ್ಕ ನೋಡ್ತೀವಿ. ಆಕಾಶದಾಗ ಹೋಗಬೇಕಾದ್ರ ನೋಡಬಾರ್ದೇನು?"

ಆಪರೇಶನ್ನಿನ ಹೊತ್ತನ್ನೇ ರಾಹುಕಾಲ ತಪ್ಪಿಸಿ ಕೊಡಿ ಎಂದು ಡಾಕ್ಟರಿಗೆ ಹೇಳಿ ಬಂದವಳು ಇವಳು. ತಲೆ ಚಚ್ಚಿಕೊಂಡು ವಿಚಾರಣೆಯ ಕಿಟಕಿಗೆ ಹೋದೆ. ಅಲ್ಲಿದ್ದ ಮರಾಠಿ ಗೃಹಸ್ಥ ಬಹಳ ಮರ್ಯಾದೆಯ ಮನುಷ್ಯ. ಸಮಯ ಬದಲಿಸಿ ಕೊಡಿ ಎಂದೆ. ಹಳದಿ ಪಟ್ಟಿಯವರಾದರೆ ಯಾವಾಗ ಬೇಕಾದರೂ ಬದಲಿಸಬಹುದು, ಸಾದಾದವರಿಗೆ ತಕ್ಕ ಕಾರಣ ಬೇಕು ಎಂದ. ನನಗೆ ಮತ್ತೆ ಉರಿಯಿತು. ಆದರೂ ಹಲ್ಲು ಕಚ್ಚಿ, ರಾಹುಕಾಲ ಎಂದೆ.

ರಾಹುಕಾಲದ ಹೆಸರೇ ಕೇಳಿರದ ಆತ ಗೋಡೆಯ ಮೇಲಿದ್ದ ಆಟಗಳ ಫಲಕವನ್ನು ಮೇಲಿನಿಂದ ಕೆಳಗಿನವರೆಗೆ ಬೆರಳಿಟ್ಟು ಓದಿದ. ಕಂಪ್ಯೂಟರಿನಲ್ಲಿ ಹುಡುಕಿದ. ಒಳಗಿನವರನ್ನು ಕೂಗಿ ಕೇಳಿದ. ಕೊನೆಗೆ ನಿಜವಾಗಿಯೂ ಬೇಸರಪಟ್ಟು, ಆ ಹೆಸರಿನ ಆಟ ನಮ್ಮಲ್ಲಿ ಇನ್ನೂ ಬಂದಿಲ್ಲ ಕಾಕಾ, ಹತ್ತಿರದಲ್ಲಿ ಹಡಗು ಇದೆ, ಅದರಲ್ಲಿ ಕೂತು ನೋಡಿ ಎಂದ.

ಟವೆಲ್ ಹಾಕಿದ ಮೇಲೆ

ಹಡಗು ಎಂದರೆ ಹಿಂದಕ್ಕೂ ಮುಂದಕ್ಕೂ ತೂಗುವ ದೊಡ್ಡ ಉಯ್ಯಾಲೆ. ಹೆಂಡತಿಯ ತಮ್ಮ ಅದನ್ನು ನೋಡಿದ್ದೇ ಹಟ ಹಿಡಿದ. ತೊಟ್ಟಿಲಿಗೆ ಇನ್ನೂ ಹೊತ್ತಿದೆ, ಒಂದು ಸಲ ಆಡಿಯೇ ಹೋಗೋಣ ಎಂದ. ಸಾದಾ ಸಾಲಿನಲ್ಲಿ ನಿಂತೆವು.

ಹಡಗು ನಿಲ್ಲುತ್ತಿತ್ತು, ಹಳದಿ ಪಟ್ಟಿಯವರು ಆ ಕಡೆಯ ಬಾಗಿಲಿನಿಂದ ಹೋಗಿ ತುಂಬಿಕೊಳ್ಳುತ್ತಿದ್ದರು, ಉಳಿದ ಎರಡೋ ಮೂರೋ ಸೀಟಿಗೆ ಸಾದಾ ಸಾಲಿನಿಂದ ಕರೆಯುತ್ತಿದ್ದರು. ಹುಬ್ಬಳ್ಳಿಯವನು ಇದನ್ನು ಸ್ವಲ್ಪ ಹೊತ್ತು ನೋಡಿದ. ಅವನ ಮುಖದ ಮೇಲೆ ಒಂದು ಶಾಂತಿ ಬಂತು. ಮುಂದಿನ ಸಲ ಹಡಗು ನಿಂತದ್ದೇ ತಡ, ಹೆಗಲ ಮೇಲಿನ ಟವೆಲ್ ತೆಗೆದು ಕಟಕಟೆಯ ಮೇಲಿಂದ ಬೀಸಿ, ಮೂಲೆಯ ಸೀಟಿನ ಮೇಲೆ ಸರಿಯಾಗಿ ಬೀಳುವಂತೆ ಹಾಕಿದ. ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯೊಳಗೆ ಟವೆಲ್ ಹಾಕಿ ಪಳಗಿದ ಕೈ ಅದು.

"ಮಾವಾರ, ಸೀಟ್ ಹಿಡದೆ," ಎಂದ.

ಹಳದಿ ಪಟ್ಟಿಯವರು ಬಂದು ಕೂತರು. ಆಶ್ಚರ್ಯವೆಂದರೆ ಟವೆಲ್ ಇದ್ದ ಕಡೆ ಯಾರೂ ಕೂಡಲಿಲ್ಲ. ಅಷ್ಟು ಮರ್ಯಾದೆ ನಮ್ಮ ದೇಶದಲ್ಲಿ ಟವೆಲಿಗೆ ಎಲ್ಲೆಲ್ಲೂ ಇದೆ. ಆದರೆ ಇವನು ಕಟಕಟೆ ಸುತ್ತಿ ಒಳಗೆ ಹೋಗುವಷ್ಟರಲ್ಲಿ ಬಾಗಿಲು ಮುಚ್ಚಿತು. ಎಲ್ಲರ ತೊಡೆಯ ಮೇಲೂ ಬರುವ ಕಬ್ಬಿಣದ ಸಲಾಕೆ ಟವೆಲಿನ ಮೇಲೂ ಬಂದು ಕೂತಿತು. ಹಡಗು ಹೊರಟಿತು. ಟವೆಲ್ ಮೇಲೆ ಹೋಯಿತು, ಕೆಳಗೆ ಬಂತು, ಜನ ಕಿರುಚಿದರು, ಟವೆಲ್ ಮಾತ್ರ ಗಂಭೀರವಾಗಿ ಕೂತಿತ್ತು.

ಹಡಗು ನಿಂತಾಗ ಇವನು ಓಡಿಹೋಗಿ ತನ್ನ ಸೀಟಿನಲ್ಲಿ ಕೂಡಲು ನೋಡಿದ. ನಡೆಸುವವನು ಬಿಡಲಿಲ್ಲ. ಆ ಸೀಟಿನ ಪಾಳಿ ಮುಗಿಯಿತು, ಟವೆಲ್ ತಗೊಂಡು ಇಳಿಯಿರಿ ಎಂದ. ಇವನು ನ್ಯಾಯಕ್ಕಾಗಿ ನನ್ನ ಕಡೆ ತಿರುಗಿದ.

"ಮಾವಾರ, ನೀವ ರಿಸರ್ವೇಶನ್ ಸಾಹೇಬ್ರು. ನೀವ ಹೇಳ್ರಿ, ಟವೆಲ್ ಹಾಕಿದ ಮ್ಯಾಲೆ ಸೀಟ್ ಯಾರದು?"

ರಿಸರ್ವೇಶನ್ ಇತ್ತು, ಅದರ ಹೆಸರಿನಲ್ಲಿ ಪ್ರಯಾಣವೂ ಆಗಿತ್ತು. ಕಾಯಿದೆ ನಡೆಸುವವನ ಕಡೆಗಿತ್ತು. ಬೆಳಗಿನಿಂದ ನಮ್ಮ ಮನೆಯ ಪೈಕಿ ಏನಾದರೂ ಆಟವಾಡಿ ಇಳಿದದ್ದು ಆ ಟವೆಲ್ ಒಂದೇ.

ಕುಂಕುಮದ ಭರಣಿ

ಇಷ್ಟೆಲ್ಲ ಆಗಿ ತೊಟ್ಟಿಲಿನ ಮುಂದೆ ಹೋಗುವಾಗ ಮೂರೂವರೆ ದಾಟಿತ್ತು. ಕಾದಿರಿಸಿದ ಸಮಯ ಬದಲಾಗಿರಲಿಲ್ಲ, ಸಾಲಿನಲ್ಲೇ ನಿಂತು ರಾಹುಕಾಲ ಹಿಡಿಯುವುದರೊಳಗೆ ಹತ್ತಬೇಕು. ಮುಂದೆ ನೋಡಿದರೆ ಸಾದಾ ಸಾಲು ಹನುಮಂತನ ಬಾಲ. ಹೆಂಡತಿಯ ತಮ್ಮನನ್ನು ಚೀಲಗಳೊಂದಿಗೆ ಬೆಂಚಿನ ಮೇಲೆ ಕೂರಿಸಿದೆವು. ಈ ಸಲ ಚೀಲ ಕಾಯುವ ಪಾಳಿ ಅವನದು ಎಂದು ಹೆಂಡತಿ ಕಡ್ಡಿ ಮುರಿದಂತೆ ಹೇಳಿದಳು. ಅವಳ ಕೈಯಲ್ಲಿದ್ದದ್ದು ಒಂದು ಸಣ್ಣ ಕೈಚೀಲ ಮಾತ್ರ.

ಸಾಲು ಒಂದು ಹೆಜ್ಜೆ ಸರಿದರೆ ಹಳದಿ ಪಟ್ಟಿಯವರ ಒಂದು ಸಂಸಾರ ಒಳಗೆ ಹೋಗುತ್ತಿತ್ತು. ನನ್ನ ತಾಳ್ಮೆ ಮುಗಿಯಿತು. ಅಲ್ಲೇ ನಿಂತು ಭಾಷಣ ಶುರುಮಾಡಿದೆ. ದುಡ್ಡಿದ್ದವನ ಸಮಯಕ್ಕೆ ಬೆಲೆ, ನಮ್ಮ ಕಾಲಿಗೆ ಬೆಲೆಯಿಲ್ಲವೇ ಎಂದೆ. ಪಟ್ಟಿ ಕಟ್ಟಿಕೊಂಡವರನ್ನು ಕಂಡರೆ ನಾಚಿಕೆಯಾಗುವಂತೆ ದಿಟ್ಟಿಸಿ ನೋಡಬೇಕು ಎಂದೆ. ಜನ ತಲೆದೂಗಿದರು. ಸಾವನೇರಿನ ಕಲ್ಲಿದ್ದಲ ಗಣಿಯಲ್ಲಿ ಕೆಲಸ ಮಾಡುವ ಒಬ್ಬಾತ ಸಂಸಾರ ಸಮೇತ ಬಂದಿದ್ದ, ನನ್ನ ಕೈ ಕುಲುಕಿ, ನಿಮ್ಮಂಥವರು ಬೇಕು ಕಾಕಾ ಎಂದ. ನನಗೆ ಹುರುಪು ಬಂತು. ಇನ್ನಷ್ಟು ಮಾತಾಡಿದೆ.

ತಿರುಗಿ ನೋಡಿದರೆ ಹೆಂಡತಿಯೂ ಇಲ್ಲ, ಮಗಳೂ ಇಲ್ಲ.

ನಿಲ್ಲಲಾರದೆ ಎಲ್ಲೋ ಹೋಗಿ ಕೂತಿದ್ದಾಳೆ ಎನಿಸಿತು. ಗಡಿಯಾರದಲ್ಲಿ ನಾಲ್ಕು ಹೊಡೆದಿತ್ತು. ಇಷ್ಟು ವರ್ಷ ಎಲ್ಲರ ಚಪ್ಪಲಿ ಕಾದವಳು ಈ ಸಲವೂ ಕೆಳಗೇ ಉಳಿದರೆ ಅದಕ್ಕೆ ಕಾರಣ ಪಾರ್ಕಿನವರಲ್ಲ, ನಾನು. ಯಾರೂ ನೋಡದಂತೆ ಸಾಲಿನಿಂದ ಜಾರಿದೆ. ಪಟ್ಟಿ ಮಾರುವ ಕಿಟಕಿಗೆ ಓಡಿದೆ. ತಲೆ ತಗ್ಗಿಸಿ, ದನಿ ತಗ್ಗಿಸಿ, ಎರಡು ಕೊಡಿ ಎಂದೆ. ಒಂದನ್ನು ನನ್ನ ಮುಂಗೈಗೆ ಆಗಲೇ ಕಟ್ಟಿಬಿಟ್ಟರು. ಅವಳದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಹಳದಿ ಪಟ್ಟಿಯವರ ಬಾಗಿಲಿಗೆ ಬಂದೆ.

ಬಂದು ನೋಡಿದರೆ ಅಲ್ಲಿ ಸಾದಾ ಸಾಲಿಗಿಂತ ಉದ್ದದ ಸಾಲು. ಮಧ್ಯಾಹ್ನ ಬಂದವರೆಲ್ಲ ಸಾಲಿಗೆ ಹೆದರಿ ಪಟ್ಟಿ ಕೊಂಡಿದ್ದರು. ಅವಸರವಿದ್ದವರು ಸಾದಾ ಸಾಲಿಗೆ ಹೋಗಿ, ಅದೇ ಬೇಗ ಸರಿಯುತ್ತಿದೆ ಎಂದು ಕಾವಲುಗಾರ ಕೂಗುತ್ತಿದ್ದ. ಅಷ್ಟರಲ್ಲಿ ಆ ಸಾದಾ ಸಾಲು ನಮ್ಮ ಪಕ್ಕದಲ್ಲೇ ಹಾದುಹೋಯಿತು. ಅದರಲ್ಲಿ ಸಾವನೇರಿನವನಿದ್ದ. ನನ್ನ ಮುಖ ನೋಡಿದ, ಮುಂಗೈ ನೋಡಿದ. ನಾನೇ ಹೇಳಿಕೊಟ್ಟಂತೆ, ನಾಚಿಕೆಯಾಗುವ ಹಾಗೆ ದಿಟ್ಟಿಸಿ ನೋಡಿದ. ಅವನ ಹೆಂಡತಿಯ ಹಣೆಯ ಮೇಲೆ ಹಸಿ ಕುಂಕುಮ ಇತ್ತು. ಅವಳ ಮುಂದಿನವಳ ಹಣೆಯ ಮೇಲೂ ಇತ್ತು. ಸಾಲಿನ ಉದ್ದಕ್ಕೂ ಹೆಂಗಸರಿಗೆಲ್ಲ ಕುಂಕುಮ, ಗಂಡಸರೆಲ್ಲರ ಬಾಯಲ್ಲಿ ಸಂಕ್ರಾಂತಿಯ ಕುಸುರೆಳ್ಳು.

ಆಗ ಫೋನ್ ರಿಂಗಾಯಿತು. ಹೆಂಡತಿ.

ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ನಮ್ಮೂರಲ್ಲಿ ಮುತ್ತೈದೆಯರು ಎದುರಾದವರಿಗೆಲ್ಲ ಅರಿಶಿನ ಕುಂಕುಮ ಹಚ್ಚಿ ಎಳ್ಳು ಕೊಡುತ್ತಾರೆ. ಕೈಚೀಲದಲ್ಲಿ ಭರಣಿ ಇತ್ತು, ಕುಸುರೆಳ್ಳಿನ ಡಬ್ಬಿ ಇತ್ತು. ನನ್ನ ಭಾಷಣ ಮುಗಿಯುವ ಲಕ್ಷಣ ಕಾಣದೆ ಅವಳು ಮುಂದಿನವಳಿಗೆ ಕುಂಕುಮ ಹಚ್ಚಿದಳಂತೆ. ಒಬ್ಬರಿಗೆ ಹಚ್ಚಿ ಪಕ್ಕದವರನ್ನು ಬಿಡುವ ಪದ್ಧತಿ ಇಲ್ಲ. ಹಾಗಾಗಿ ಅವರ ಮುಂದಿನವರಿಗೆ, ಅವರಿಗೂ ಮುಂದಿನವರಿಗೆ ಹಚ್ಚುತ್ತ ಹೋದಳು. ಕುಂಕುಮ ಹಿಡಿದು ಬರುವವಳಿಗೆ ಹಿಂದೆ ಹೋಗು ಎನ್ನುವ ಧೈರ್ಯ ಯಾರಿಗಿದೆ? ಎಲ್ಲರೂ ದಾರಿ ಬಿಟ್ಟರು. ಕೊನೆಯ ಕುಂಕುಮ ಬಾಗಿಲಲ್ಲಿ ಟಿಕೆಟ್ ನೋಡುವ ಹೆಂಗಸಿಗೆ. ಆಕೆ ಇವಳ ಕಾಲಿಗೆ ನಮಸ್ಕಾರ ಮಾಡಿ, ಮೊಣಕಾಲು ನೋಡಿ, ಕೈಹಿಡಿದು ತಾಯಿ ಮಗಳಿಬ್ಬರನ್ನೂ ತೊಟ್ಟಿಲಿನಲ್ಲಿ ಕೂರಿಸಿದಳಂತೆ.

ಅಂದರೆ ನನ್ನ ಸ್ವಂತ ಹೆಂಡತಿ, ನಾನು ನ್ಯಾಯದ ಮೇಲೆ ಮಾತಾಡುತ್ತಿರುವಾಗಲೇ, ಇಡೀ ಸಾಲನ್ನು ದಾಟಿ ಹೋಗಿದ್ದಳು. ನನಗೆ ಒಂದು ಕಾಳು ಎಳ್ಳೂ ಸಿಕ್ಕಿರಲಿಲ್ಲ.

"ಪಾಳಿ ತಪ್ಪಿಸಿ ಹೋದಿ ಅಲ್ಲ?" ಎಂದೆ ಸಿಟ್ಟಿನಿಂದ.

"ತಪ್ಪಿಸಿಲ್ರೀ. ಒಬ್ಬರನ್ನೂ ಬಿಟ್ಟಿಲ್ಲ, ಎಲ್ಲಾರಿಗೂ ಕೊಟ್ಟs ಬಂದೀನಿ. ಈಗ ತೊಟ್ಟಿಲ ತುತ್ತತುದೀಗೆ ನಿಂತೈತಿ."

ತಲೆಯೆತ್ತಿ ನೋಡಿದೆ. ಆಕಾಶದಲ್ಲಿ ಹಸಿರು ಸೀರೆಯ ಒಂದು ಚುಕ್ಕೆ. ಧರಮಪೇಠ ಕಾಣುತ್ತದೆಯೇ ಎಂದು ಮೆತ್ತಗೆ ಕೇಳಿದೆ.

"ಧರಮಪೇಠ ಎಲ್ಲೂ ಕಾಣವಲ್ದು," ಎಂದಳು. "ನೀವು ಮಾತ್ರ ಬರೋಬರ್ ಕಾಣಾಕತ್ತೀರಿ. ಕೈಯಾಗ ಏನ್ರೀ ಅದು, ಹಳದೀದು?"